ಮಿಂಚುಳ್ಳಿಯ ತೂಕ

ಅಣ್ಣ ಬ್ರೆಡ್ ತರಲು ಕೆಳಗೆ ಹೋದ ಹೊತ್ತಿನಲ್ಲೇ ಈ ಕೆಲಸ ಮುಗಿಯಬೇಕಿತ್ತು. ಮೆಟ್ಟಿಲಿಳಿಯುವ ಚಪ್ಪಲಿಯ ಸದ್ದು ಕೆಳಗಿನ ತಿರುವಿನಲ್ಲಿ ಮಂಕಾಗುವವರೆಗೆ ಅವನು ಬಾಗಿಲ ಹಿಂದೆ ಕಿವಿಗೊಟ್ಟು ನಿಂತ. ಆಮೇಲೆ ಮುಂದಿನ ಕೋಣೆಗೆ ಬಂದು, ಸೋಫಾದ ಮೇಲೆ ಅಣ್ಣ ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟಿದ್ದ ಹೊದಿಕೆಯ ಕಡೆ ನೋಡದೆ, ಗಾಜಿನ ಕಪಾಟಿನ ಬಾಗಿಲು ತೆಗೆದ. ಮೇಲಿನ ಹಲಗೆಯಲ್ಲಿ ಗೂಬೆ, ಗಿಡುಗ, ಕತ್ತು ಹೊರಳಿಸಿ ಕೂತ ಬಾತುಕೋಳಿ. ಕೆಳಗಿನದರಲ್ಲಿ ಮರಕುಟಿಗ, ಒಂದು ಜೊತೆ ಕಾಡುಕೋಳಿ, ಕೊಕ್ಕಿನ ತುದಿ ಮುಕ್ಕಾದ ಕೊಕ್ಕರೆ. ಎಲ್ಲವೂ ಪಿಂಗಾಣಿಯವು, ಎಲ್ಲವೂ ಒಂದು ಕಾಲದಲ್ಲಿ ವಿಸ್ಕಿ ತುಂಬಿಕೊಂಡು ಅಂಗಡಿಗೆ ಬಂದ ಡಿಕ್ಯಾಂಟರ್‌ಗಳು. ಹಕ್ಕಿಯ ಮೈಯೇ ಪಾತ್ರೆ, ತಲೆಯೇ ಬಿರಡೆ. ತಲೆಯ ಅಡಿಗೆ ಅಂಟಿಸಿದ ಕಾರ್ಕಿನ ತುಂಡು ಕತ್ತಿನೊಳಗೆ ಬಿಗಿಯಾಗಿ ಕೂರುತ್ತದೆ. ಅವನು ಕೈ ಹಾಕಿದ್ದು ಮಿಂಚುಳ್ಳಿಗೆ. ಮರದ ಮೋಟಿನ ಮೇಲೆ ಕೂತು ಕಾಣದ ನೀರನ್ನು ದಿಟ್ಟಿಸುವ ನೀಲಿ ಹಕ್ಕಿ. ಇಡೀ ಕಪಾಟಿನಲ್ಲಿ ಹೊಟ್ಟೆ ತುಂಬಿದ್ದು ಅದೊಂದೇ. ಬಿರಡೆ ಯಾರೂ ತೆರೆದಿಲ್ಲವೆಂದು ಸಾರುವ ಹಳೆಯ ಕಾಗದದ ಪಟ್ಟಿ ಕತ್ತಿನ ಮೇಲೆ ಇನ್ನೂ ಇತ್ತು. ಅಂಟು ಎಂದೋ ಸತ್ತುಹೋಗಿ, ಪಟ್ಟಿ ಸುಮ್ಮನೆ ಕೊರಳಪಟ್ಟಿಯಂತೆ ಕೂತಿತ್ತು. ಬೇಕೆಂದವರು ಹರಿಯದೆ ಸರಿಸಿ, ತಲೆ ತೆಗೆದು, ಮತ್ತೆ ಇದ್ದಂತೆಯೇ ಇಡಬಹುದು. ಈ ಮಾತು ತನಗೊಬ್ಬನಿಗೇ ಗೊತ್ತೆಂದು ಅವನು ಬಹಳ ದಿನ ನಂಬಿದ್ದ.

ಅಡಿಗೆಮನೆಯ ತಕ್ಕಡಿಯ ಮೇಲೆ ಹಕ್ಕಿಯನ್ನು ಇಟ್ಟು, ಅಂಕಿ ನಡುಗಿ ನಿಲ್ಲುವುದನ್ನು ಕಾದ. ಪಿಂಗಾಣಿಗೆ ಗಾಜಿನ ಗುಣವಿಲ್ಲ. ಒಳಗೆ ಎಷ್ಟಿದೆ ಎಂದು ಕಣ್ಣಿಗೆ ತೋರಿಸುವುದಿಲ್ಲ. ಕಿವಿಯ ಹತ್ತಿರ ಅಲುಗಿಸಿದರೆ ಇದೆಯೆಂದಷ್ಟೇ ತಿಳಿಯುತ್ತದೆ. ತೂಕ ಮಾತ್ರ ಸುಳ್ಳು ಹೇಳುವುದಿಲ್ಲ. ಹೋದ ವಾರಕ್ಕಿಂತ ಕಡಿಮೆ. ಹೋದ ವಾರ ಅದರ ಹಿಂದಿನ ವಾರಕ್ಕಿಂತ ಎಷ್ಟು ಕಡಿಮೆಯಾಗಿತ್ತೋ ಸರಿಯಾಗಿ ಅಷ್ಟೇ ಕಡಿಮೆ, ಒಂದು ದೊಡ್ಡ ಚಮಚೆಯಷ್ಟು. ಎಲ್ಲೂ ಬರೆದಿಡಲಿಲ್ಲ. ಬರೆದರೆ ಅದು ಅಣ್ಣನ ಮೇಲಿನ ದೂರಾಗಿಬಿಡುತ್ತದೆ; ತಲೆಯಲ್ಲಿದ್ದರೆ ಇನ್ನೂ ಬರೀ ಅಂಕಿ. ಹಕ್ಕಿಯನ್ನು ಅದರ ಜಾಗದಲ್ಲಿಟ್ಟು, ಕೊಕ್ಕನ್ನು ಕಿಟಕಿಯ ಕಡೆಗೆ ತಿರುಗಿಸಿ, ಗಾಜಿನ ಮೇಲೆ ಮೂಡಿದ ತನ್ನ ಬೆರಳ ಗುರುತನ್ನು ಅಂಗಿಯ ತುದಿಯಿಂದ ಒರೆಸುವಾಗ ತಾನು ತನ್ನದೇ ಮನೆಯಲ್ಲಿ ಗುರುತು ಅಳಿಸುತ್ತಿದ್ದೇನೆ ಎಂದು ಹೊಳೆದು ಕಿವಿ ಬೆಚ್ಚಗಾಯಿತು. ಕಪಾಟಿನ ಬಾಗಿಲಿಗೆ ಬೀಗದ ಕೈ ಸಿಕ್ಕಿಸಿಯೇ ಇರುತ್ತಿತ್ತು. ತಿರುಗಿಸಿ ಜೇಬಿಗೆ ಹಾಕಿಕೊಂಡರೆ ಮುಗಿಯಿತು. ಆದರೆ ಆ ಬೀಗಕ್ಕೆ ಒಂದು ಸದ್ದಿದೆ. ಆ ಸದ್ದು ಸೋಫಾದವರೆಗೆ ಕೇಳುತ್ತದೆ.

"ಇಷ್ಟೊಂದು ಕೋಳಿ ಸಾಕಿದ್ದೀಯ, ಬೆಳಗ್ಗೆ ತಿನ್ನೋಕೆ ಒಂದು ಮೊಟ್ಟೆ ಇಲ್ಲ," ಎಂದು ಅಣ್ಣ ಬ್ರೆಡ್ಡನ್ನು ಮೇಜಿನ ಮೇಲೆ ಇಟ್ಟ. ಬಂದ ದಿನದಿಂದ ಆಗಾಗ ಹೇಳುವ ಮಾತು. ಹೇಳಿದಾಗಲೆಲ್ಲ ಅವನು ನಗಬೇಕು. ನಕ್ಕ. ಅಣ್ಣ ಚಹಾ ಬಸಿದು ಕೊಟ್ಟ. ಕಪ್ಪು ಬಸಿಗೆ ತಾಗಿ ಸಣ್ಣಗೆ ಕಟಕಟ ಎಂದಿತು. ಅವನು ಆ ಸದ್ದನ್ನು ಕೇಳಿದ, ಅಣ್ಣನ ಬೆರಳುಗಳನ್ನು ನೋಡಿದ, ಅಣ್ಣ ಅದನ್ನು ಕಂಡು ಕೈಯನ್ನು ಮೇಜಿನ ಕೆಳಗೆ ತೆಗೆದುಕೊಂಡ.

"ಇವತ್ತು ನಿಂಗೆ ಫೋನ್ ಮಾಡ್ತಾರಂತಲ್ಲ, ಡಿಪೋದಿಂದ."

"ಹ್ಞೂಂ. ಮಧ್ಯಾಹ್ನ ಮಾಡ್ತೀನಿ ಅಂದಿದ್ದಾರೆ."

"ಏನ್ ಹೇಳ್ತೀಯ?"

"ಇದ್ದದ್ದು ಹೇಳ್ತೀನಿ."

"ಅಷ್ಟು ಹೇಳು ಸಾಕು," ಎಂದು ಅಣ್ಣ ಬ್ರೆಡ್ಡಿನ ಅಂಚು ಮುರಿದ. "ವಿಜ್ಞಾನಿಗಳು ಸುಳ್ಳು ಹೇಳಲ್ಲ ಅಂತ ಅವರಿಗೂ ಗೊತ್ತು. ಅದಕ್ಕೇ ನನ್ನ ಕೇಳದೆ ನಿನ್ನ ಕೇಳ್ತಾರೆ."

ಡಿಪೋ ಮ್ಯಾನೇಜರರ ದನಿ ನಿನ್ನೆಯಿಂದ ಅವನ ತಲೆಯಲ್ಲೇ ಇತ್ತು. ಒಳ್ಳೆಯ ಮನುಷ್ಯ, ಮಾತು ನೇರ. ನಿಮ್ಮಣ್ಣ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಸ್ಸು ಓಡಿಸುತ್ತಿದ್ದವರು, ಕುಡಿತ ಬಿಟ್ಟಿದ್ದಾರೆ ಅಂತಾರೆ, ಸಂತೋಷ. ಆದರೆ ಹಿಂದೆ ಜನ ಕೂತಿರುತ್ತಾರೆ ಸಾರ್. ಅವರು ನಿಮ್ಮ ಮನೆಯಲ್ಲಿದ್ದಾರೆ, ನಿಮ್ಮ ಕಣ್ಣ ಮುಂದೆ ಇದ್ದಾರೆ. ಯೋಚನೆ ಮಾಡಿ ಇಡಿ, ನಾಳೆ ಕೇಳ್ತೀನಿ, ಮತ್ತೆ ಬಸ್ಸು ಕೊಡಬಹುದಾ ಬೇಡವಾ, ಒಂದೇ ಒಂದು ಮಾತು ಹೇಳಿ. ಆ ಒಂದು ಮಾತಿನ ಒಂದು ಕಡೆ ಅಣ್ಣ ನಿಂತಿದ್ದ. ಖಾಕಿ ಅಂಗಿಯನ್ನು ಈಗಾಗಲೇ ಒಗೆದು ಇಸ್ತ್ರಿ ಮಾಡಿ ತಮ್ಮನ ಹೆಂಡತಿಯ ಅಲಮಾರಿಯಲ್ಲಿ ತೂಗುಹಾಕಿದ್ದ. ಇನ್ನೊಂದು ಕಡೆ ಗುರುತಿಲ್ಲದ ಜನ, ಬೆಳಗಿನ ಬಸ್ಸಿನಲ್ಲಿ ತೂಕಡಿಸುತ್ತ, ಮುಂದಿನ ಸೀಟಿನ ಕಂಬಿಗೆ ಹಣೆಯಾನಿಸಿ, ಓಡಿಸುವವನನ್ನು ನಂಬಿ ಕೂತವರು. ಇಬ್ಬರ ನಡುವೆ ಪ್ರತಿ ವಾರ ಒಂದು ಚಮಚೆ.

ಹಕ್ಕಿಗಳನ್ನು ಅವನು ಮೊದಲು ನೋಡಿದ್ದು ಬಾರಿನಲ್ಲಿ. ಇದನ್ನು ಯಾರಿಗೂ ಹೇಳಿರಲಿಲ್ಲ; ಕೇಳಿದವರಿಗೆಲ್ಲ, ಹಕ್ಕಿಗಳೆಂದರೆ ಕಾಲೇಜಿನ ದಿನಗಳಿಂದಲೂ ಇಷ್ಟ ಎನ್ನುತ್ತಿದ್ದ, ಅದೂ ಸುಳ್ಳಲ್ಲ. ಅಣ್ಣನನ್ನು ಕರೆತರಲು ಹೋದಾಗ ಅಣ್ಣ 'ಇದೊಂದು ಮುಗಿಸ್ತೀನಿ' ಎನ್ನುತ್ತಿದ್ದ. ಮುಗಿಯುವವರೆಗೆ ಅವನು ನಿಂತಿರಬೇಕು. ಎಲ್ಲಿ ನೋಡುವುದು? ಅಣ್ಣನ ಒದ್ದೆ ತುಟಿ ನೋಡಲಾಗದು, ಪಕ್ಕದವರ ನಗೆ ನೋಡಲಾಗದು. ಗಲ್ಲಾದ ಹಿಂದಿನ ಹಲಗೆಯ ಮೇಲೆ ಧೂಳು ಹಿಡಿದು ಕೂತಿದ್ದ ಪಿಂಗಾಣಿ ಗೂಬೆಯನ್ನು ನೋಡುತ್ತಿದ್ದ. ಗರಿ ಗರಿಯನ್ನೂ ಯಾರೋ ಕುಂಚದಿಂದ ತಿದ್ದಿದ್ದರು. ಕಣ್ಣು ಮಾತ್ರ ತಪ್ಪು, ಆ ಜಾತಿಯ ಗೂಬೆಗೆ ಅಂಥ ಹಳದಿ ಕಣ್ಣಿಲ್ಲ. ತಪ್ಪು ಹುಡುಕುತ್ತ ನಿಂತರೆ ಹೊತ್ತು ಹೋಗುತ್ತಿತ್ತು. ಅಂಥದೇ ಗೂಬೆಯನ್ನು ಹಳೇ ಸಾಮಾನಿನ ಅಂಗಡಿಯಲ್ಲಿ ಕಂಡು ಕೊಂಡುಕೊಂಡ ದಿನ, ಅಂಗಡಿಯಾಕೆ ಕಾಗದ ಸುತ್ತುತ್ತ, "ಕುಡಿಯೋರು ಖಾಲಿ ಮಾಡಿ ಬಿಸಾಡ್ತಾರೆ, ಕುಡಿಯದೋರು ದುಡ್ಡು ಕೊಟ್ಟು ಹೊತ್ಕೊಂಡು ಹೋಗ್ತಾರೆ. ಯಾರದು ಹೆಚ್ಚಿನ ಹುಚ್ಚು ಅಂತ ನಂಗೆ ಇನ್ನೂ ಗೊತ್ತಾಗಿಲ್ಲ," ಎಂದಿದ್ದಳು. ಆ ಸಂಜೆ ಅವನು ಅಣ್ಣನನ್ನು ಕರೆತರಲು ಹೋಗಲಿಲ್ಲ. ಗೂಬೆಯನ್ನು ತೊಳೆಯುತ್ತಿದ್ದ. ಅಣ್ಣ ತಾನಾಗಿಯೇ ಮನೆ ಸೇರಿದ್ದ, ಮೊಣಕಾಲು ತರಚಿಕೊಂಡು. 

ಲ್ಯಾಬಿನಲ್ಲಿ ಬೆಳಗಿನ ಮಾದರಿಗಳು ಸಾಲಾಗಿ ಕಾದಿದ್ದವು. ಊರಿನ ನಲ್ಲಿಗಳ, ಬಾವಿಗಳ, ಶಾಲೆಯ ತೊಟ್ಟಿಗಳ ನೀರು. ಅವನ ಕೆಲಸ ಅವುಗಳಲ್ಲಿ ಸೀಸ ಎಷ್ಟಿದೆ ಎಂದು ನೋಡುವುದು. ಮದುವೆಯಾದ ಹೊಸತರಲ್ಲಿ, ಹೊಸದಾಗಿ ಕೊಂಡ ಕಾಡುಕೋಳಿಯೊಂದರ ತಳದಲ್ಲಿ ಉಳಿದಿದ್ದ ವಿಸ್ಕಿಯನ್ನು ಕುತೂಹಲಕ್ಕೆಂದು ಇಲ್ಲಿಗೆ ತಂದು, ನೀರಿನ ಮಾದರಿಗಳ ನಡುವೆ ಅದನ್ನೂ ಓಡಿಸಿದ್ದ. ಯಂತ್ರದ ಅಂಕಿ ಮಿತಿ ದಾಟಿ ನಿಂತಿತು. ತೆಳುಮಾಡಿ ಮತ್ತೆ ಓಡಿಸಿದ, ಆಗಲೂ ದಾಟಿತು. ಪಿಂಗಾಣಿಯ ಹೊಳಪಿಗೆಂದು ಬಳಿದ ಮೆರುಗಿನಲ್ಲಿ ಸೀಸವಿರುತ್ತದೆ. ಮದ್ಯ ವರ್ಷಗಟ್ಟಲೆ ಅದನ್ನು ನೆಕ್ಕಿ ನೆಕ್ಕಿ ಒಳಗೆ ಎಳೆದುಕೊಂಡಿರುತ್ತದೆ. ಅಂದಿನಿಂದ ಯಾವ ಹಕ್ಕಿ ಬಂದರೂ ಮೊದಲು ಖಾಲಿ ಮಾಡುವುದು, ತೊಳೆಯುವುದು, ಆಮೇಲೆ ಕಪಾಟು. ಮಿಂಚುಳ್ಳಿಯೊಂದನ್ನು ಬಿಟ್ಟು. ಕಾಗದದ ಪಟ್ಟಿಯ ಸಮೇತ, ಒಳಗಿನ ಮದ್ಯದ ಸಮೇತ ಉಳಿದು ಬಂದ ಮಿಂಚುಳ್ಳಿ ಅವನು ಕಂಡ ಬೇರಾವ ಸಂಗ್ರಹಕಾರರ ಬಳಿಯೂ ಇರಲಿಲ್ಲ. ಖಾಲಿ ಮಾಡಿದರೆ ಅದೂ ಒಂದು ಪಿಂಗಾಣಿ ಹಕ್ಕಿ. ಈಗ ಅದು ತುಂಬಿಸಿದ ದಿನದ, ಯಾರೂ ಮುಟ್ಟದ ಒಂದು ಮಧ್ಯಾಹ್ನವನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಚಳಿ ಶುರುವಾಗುವ ಮೊದಲು, ಅಣ್ಣ ಬರುತ್ತಾನೆಂದು ಗೊತ್ತಾದ ದಿನ, ಹೆಂಡತಿ ಔಷಧಿ ಅಂಗಡಿಯ ಕೆಲಸದಿಂದ ಬಂದವಳು ಬ್ಯಾಗು ಕೂಡ ಇಳಿಸದೆ, "ಭಾವ ಮಲಗೋದು ಈ ಕೋಣೇಲಿ. ಮೊದಲು ಅದನ್ನ ಖಾಲಿ ಮಾಡಿಬಿಡ್ರೀ," ಎಂದಿದ್ದಳು. ಮಾರನೆಯ ಸಂಜೆ ಕೇಳಿದಾಗ, "ಮಾಡಿದೆ," ಎಂದ. "ಸಿಂಕು ವಾಸನೇನೇ ಬರ್ತಿಲ್ಲ?" "ಕುದಿಯೋ ನೀರು ಹಾಕಿದೆ, ಆಮೇಲೆ ನಿಂಬೆಹಣ್ಣು ತಿಕ್ಕಿದೆ." ಅವಳು ಕೇಳಿರದ ನಿಂಬೆಹಣ್ಣು ಎಲ್ಲಿಂದ ಬಂತೋ ಅವನಿಗೇ ಗೊತ್ತಿರಲಿಲ್ಲ. ಅವಳು ನಂಬಿದಳು. ಆದ್ದರಿಂದ ಈಗ ಅವಳ ಬಳಿ ಹೋಗಿ, ಅಣ್ಣ ಕುಡಿಯುತ್ತಿದ್ದಾನೆ ಅನ್ನಿಸುತ್ತಿದೆ, ಏನು ಮಾಡಲಿ ಎಂದು ಕೇಳುವ ದಾರಿಯೂ ಮುಚ್ಚಿತ್ತು.

ಪಕ್ಕದ ಮೇಜಿನ ಕಿರಿಯ ಸಹೋದ್ಯೋಗಿ ಪರದೆಯನ್ನು ಅವನ ಕಡೆ ತಿರುಗಿಸಿದಳು. "ನೋಡಿ ಸಾರ್, ಎಷ್ಟು ನೀಟಾಗಿ ಬಂದಿದೆ ಗೆರೆ. ಕೈಯಲ್ಲಿ ಎಳೆದರೂ ಇಷ್ಟು ನೇರ ಬರಲ್ಲ." ಚುಕ್ಕೆಗಳೆಲ್ಲ ಒಂದರ ಹಿಂದೊಂದು ಶಿಸ್ತಾಗಿ ಇಳಿದಿದ್ದವು. ಅವನು ತನ್ನ ತಲೆಯಲ್ಲಿದ್ದ ಅಂಕಿಗಳನ್ನು ಅದೇ ಹಾಳೆಯ ಮೇಲೆ ಇಟ್ಟು ನೋಡಿದ. ಅವೂ ಹೀಗೇ ಇಳಿಯುತ್ತಿದ್ದವು, ಒಂದೇ ಓಟದಲ್ಲಿ, ಯಾವ ವಾರವೂ ಹೆಚ್ಚಿಲ್ಲ, ಯಾವ ವಾರವೂ ಕಡಿಮೆಯಿಲ್ಲ. ಹಿಂದಿನ ಅಣ್ಣ ಹೀಗಿರಲಿಲ್ಲ. ಹಿಂದಿನ ಅಣ್ಣ ಸಿಕ್ಕ ದಿನ ತಳ ಕಾಣಿಸುತ್ತಿದ್ದ, ಸಿಗದ ದಿನ ಗೋಡೆ ಗುದ್ದುತ್ತಿದ್ದ. ಹಾಗಾದರೆ ಈಗ ಅಳತೆ ಕಲಿತಿದ್ದಾನೆ. ಚಮಚೆಯಲ್ಲಿ ಕುಡಿಯುವುದನ್ನು ಕಲಿತಿದ್ದಾನೆ, ಮನೆಯವರ ಮೂಗಿಗೆ ಸಿಗದಷ್ಟು, ತೂಕಕ್ಕೆ ಮಾತ್ರ ಸಿಗುವಷ್ಟು.  ಗೋಡೆ ಗುದ್ದುವ ಅಣ್ಣನಿಗಿಂತ ಈ ಶಿಸ್ತಿನ ಅಣ್ಣ ಹೆಚ್ಚು ದೂರದವನಾಗಿ ಕಂಡ. ಜೊತೆಗೆ ಸೀಸ. ಚಮಚೆ ಚಮಚೆಯಾಗಿ ಸೀಸ ಒಳಗೆ ಹೋಗುತ್ತಿದ್ದರೆ ಬೆರಳು ನಡುಗುತ್ತವೆ, ಮರೆವು ಬರುತ್ತದೆ, ಮಣಿಕಟ್ಟು ಸೋಲುತ್ತದೆ. ಕಪ್ಪಿನ ಕಟಕಟ ಮತ್ತೆ ಕೇಳಿಸಿತು. ಹಾಗಿದ್ದೂ ತಾನು ವಾರಗಟ್ಟಲೆ ಬಾಯಿ ಬಿಡದೆ ತೂಕ ನೋಡಿಕೊಂಡು ಕೂತಿದ್ದೆನಲ್ಲ. ಹೇಳಿದರೆ ಅಣ್ಣ ಬದುಕಿಕೊಳ್ಳುತ್ತಾನೆ. ಆದರೆ ಹೇಳುವುದೂ ಒಂದೇ, ಕಳ್ಳ ಎನ್ನುವುದೂ ಒಂದೇ. ಅಳೆಯುತ್ತ ಇರುವವರೆಗೆ ಏನನ್ನೂ ಮಾಡಬೇಕಾಗಿಲ್ಲ. ಈ ಸುಖವನ್ನು ಅವನು ಚೆನ್ನಾಗಿ ಬಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಅದೇ ಅವನ ಊಟ.

"ಸಾರ್, ಹುಷಾರಿಲ್ವಾ?"

"ಅರ್ಧ ದಿನ ರಜೆ ಹಾಕ್ತೀನಿ," ಎಂದ. "ಮನೇಲಿ ಸ್ವಲ್ಪ ಕೆಲಸ."

ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿತು. ಚಾಲಕನ ಕತ್ತಿನ ಹಿಂಭಾಗ, ಬೆವರಿಗೆ ಅಂಟಿದ ಕಾಲರು, ಗೇರು ಬದಲಿಸುವಾಗ ಏಳುವ ಭುಜ. ಚಾಲಕ ಒಮ್ಮೆ ಕಣ್ಣುಜ್ಜಿಕೊಂಡ. ಅವನು ಎದುರಿನ ಕಂಬಿ ಹಿಡಿದ. ಡಿಪೋದವರಿಗೆ ಇಲ್ಲ ಎಂದು ಹೇಳಿಬಿಟ್ಟರೆ? ಸ್ವಲ್ಪ ದಿನ ನೋಡಿ ಸಾರ್, ಈಗಲೇ ಬೇಡ ಎಂದರೆ? ನಾಲಿಗೆಗೆ ಹಗುರವಾದ ಮಾತು. ಅಣ್ಣ ಬೈಯುವುದಿಲ್ಲ, ಅದೇ ಕಷ್ಟ. ಖಾಕಿ ಅಂಗಿಯನ್ನು ತೆಗೆದು ಮಡಿಸಿ ಪೆಟ್ಟಿಗೆಗೆ ಹಾಕುತ್ತಾನೆ, ಅಂಚಿಗೆ ಅಂಚು ಕೂಡಿಸಿ. ಕೊನೆಗೆ ಒಂದು ದಿನ ಬ್ರೆಡ್ ತರಲು ಹೋದವನು ವಾಪಸು ಬರುವುದಿಲ್ಲ. ಇಷ್ಟನ್ನೂ ಅವನು ಕಣ್ಣಿಗೆ ಕಟ್ಟಿದಂತೆ ಕಂಡ, ನಿಲ್ದಾಣ ದಾಟಿಹೋದದ್ದು ತಿಳಿಯಲಿಲ್ಲ, ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದ.

ಬಾಗಿಲಿನ ಬೀಗವನ್ನು ಸದ್ದಾಗದಂತೆ ತಿರುಗಿಸಿದ. ತಿರುಗಿಸಿದ ಮೇಲೆ, ಯಾಕೆ ಹಾಗೆ ಮಾಡಿದೆ ಎಂದು ತನಗೇ ನಾಚಿಕೆಯಾಯಿತು. ಮುಂದಿನ ಕೋಣೆಯಲ್ಲಿ ಕಪಾಟು ತೆರೆದಿತ್ತು. ಒರೆಸುವ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಅಣ್ಣ ನಿಂತಿದ್ದ, ಮಿಂಚುಳ್ಳಿಯನ್ನು ಎರಡು ಕೈಗಳಲ್ಲಿ ಹಿಡಿದು, ಮಗುವನ್ನು ಎತ್ತಿ ಭಾರ ನೋಡುವವರ ಹಾಗೆ ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ ಮಾಡುತ್ತ.

ಅಣ್ಣ ಬೆಚ್ಚಲಿಲ್ಲ. "ಬೇಗ ಬಂದೆ."

"ರಜೆ ಹಾಕಿದೆ."

"ನೋಡೋಕೆ ಬಂದೆ ಅನ್ನು."

 "ಅಣ್ಣಾ, ಅದರಲ್ಲಿರೋದು ವಿಷ," ಎಂದ.

"ಎಲ್ಲಾದರಲ್ಲೂ ಇರೋದು ಅದೇ. ನಂಗೆ ಹೇಳಿಕೊಡ್ತೀಯಾ?"

"ಹಾಗಲ್ಲ, ಸೀಸ. ಪಿಂಗಾಣಿಯಿಂದ ಬಿಟ್ಟುಕೊಳ್ಳುತ್ತೆ. ನಾನೇ ಲ್ಯಾಬಲ್ಲಿ ನೋಡಿದ್ದೀನಿ. ಸ್ವಲ್ಪ ಸ್ವಲ್ಪ ಹೋದ್ರೂ ಕೈ ನಡುಗುತ್ತೆ, ಮಿದುಳಿಗೆ ಹೋಗುತ್ತೆ. ಬೈಯೋಕೆ ಬಂದಿಲ್ಲ ಅಣ್ಣಾ. ಯಾವಾಗಿಂದ ಅಂತ ಹೇಳು ಸಾಕು, ಡಾಕ್ಟರ ಹತ್ರ ಹೋಗೋಣ. ಯಾರಿಗೂ ಗೊತ್ತಾಗಲ್ಲ."

 ಅಣ್ಣ ಹಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು ಸೋಫಾದ ಮೇಲೆ ನಿಧಾನವಾಗಿ ಕೂತ. "ಇಷ್ಟೆಲ್ಲ ಗೊತ್ತಿದ್ದೂ ಕುಡಿದೆಯಾ?" ಎಂದ.

ಪ್ರಶ್ನೆ ಯಾರಿಗೆಂದು ಅವನಿಗೆ ತಿಳಿಯಲಿಲ್ಲ. ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂಬಂತೆ ತಿರುಗಿ ಕೂಡ ನೋಡಿದ. "ಯಾರು?"

"ಈ ಮನೇಲಿರೋದು ಮೂರು ಜನ. ಅವಳು ಕುಡಿಯೋಳಲ್ಲ. ನಾನು ಕುಡಿದಿಲ್ಲ."

"ನಾನಾ?"

"ಬಂದ ವಾರವೇ ಧೂಳು ಒರೆಸೋಕೆ ಅಂತ ಒಂದೊಂದೇ ಎತ್ತಿದೆ," ಎಂದ ಅಣ್ಣ, ಹಕ್ಕಿಯ ಬೆನ್ನು ಸವರುತ್ತ. "ಎಲ್ಲಾ ಹಗುರ. ಇದು ಭಾರ. ಅವತ್ತು ಹಿಡಕೊಂಡು ಎಷ್ಟು ಹೊತ್ತು ನಿಂತಿದ್ನೋ ಗೊತ್ತಿಲ್ಲ, ಕಾಲು ಮರಗಟ್ಟಿತು. ಆಮೇಲೆ ಇಟ್ಟೆ. ಮಾರನೇ ದಿನ ಮತ್ತೆ ಎತ್ತಿದೆ, ಇಟ್ಟೆ. ದಿನಾ ಎತ್ತೋದು, ಇಡೋದು. ಇಡೋಕೆ ಅಂತಲೇ ಎತ್ತೋದು. ಗುಳಿಗೆ ನುಂಗ್ತಾರಲ್ಲ, ಹಾಗೆ. ಬರ್ತಾ ಬರ್ತಾ ಹಗುರ ಆಗೋಕೆ ಶುರುವಾಯ್ತು. ಮೊದಲು ನನ್ನ ಕೈಗೆ ಭ್ರಮೆ ಅಂದ್ಕೊಂಡೆ. ಸ್ಟೀರಿಂಗ್ ಹಿಡಿದ ಕೈ ಇದು, ಅಷ್ಟು ಸುಲಭಕ್ಕೆ ಮೋಸ ಹೋಗಲ್ಲ. ನಾನು ಬ್ರೆಡ್ ತರೋಕೆ ಹೋದಾಗ ನೀನು ಇದನ್ನ ಅಡಿಗೆಮನೆಗೆ ತಗೊಂಡು ಹೋಗ್ತೀಯ. ನಾನು ಇಡೋವಾಗ ಕೊಕ್ಕು ಬಾಗಿಲ ಕಡೆ. ಬಂದು ನೋಡಿದ್ರೆ ಕಿಟಕಿ ಕಡೆ."

ಅವನು ಬಾಯಿ ತೆರೆದ. ತೂಕ ನೋಡುತ್ತಿದ್ದೆ ಎಂದ. ಹೇಳಿದ ಮೇಲೆ ಅದು ಹೇಗೆ ಕೇಳಿಸಿತೆಂದು ತನ್ನ ಕಿವಿಗೇ ಗೊತ್ತಾಯಿತು.

"ತೂಕ," ಎಂದ ಅಣ್ಣ.

"ಹೌದು, ತೂಕ. ವಾರ ವಾರ ಕಡಿಮೆ ಆಗ್ತಿತ್ತು, ಅದಕ್ಕೇ." ಹೇಳುತ್ತಲೇ ಅವನ ಕಣ್ಣು ತೆರೆದ ಕಪಾಟಿನ ಮೂಲೆಗೆ ಹೋಯಿತು. ಅಲ್ಲಿ, ಕೊಕ್ಕರೆಯ ಕಾಲ ಹಿಂದೆ, ಲ್ಯಾಬಿನಿಂದ ತಂದಿಟ್ಟ ಸಿಲಿಕಾ ಜೆಲ್‌ನ ಚೀಲಗಳಿದ್ದವು. ತೇವ ಹೀರುವ ನೀಲಿ ಹರಳುಗಳು. ಅಣ್ಣ ಬಂದ ವಾರವೇ ತಂದಿಟ್ಟಿದ್ದ; ಮುಚ್ಚಿದ ಕೋಣೆಯಲ್ಲಿ ಒಬ್ಬ ಮನುಷ್ಯ ರಾತ್ರಿಯೆಲ್ಲ ಉಸಿರು ಬಿಟ್ಟರೆ ಗಾಳಿಗೆ ತೇವ ಬರುತ್ತದೆ, ಹಳೆಯ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ ಎಂದು. ಅಣ್ಣನ ಉಸಿರಿನಿಂದ ಮಿಂಚುಳ್ಳಿಯ ಕಾಗದದ ಪಟ್ಟಿಯನ್ನು ಕಾಪಾಡಲೆಂದು. ನೀಲಿ ಹರಳುಗಳು ನಸುಗೆಂಪಾಗಿದ್ದವು, ಹೊಟ್ಟೆ ತುಂಬ ಹೀರಿದ್ದವು. ಕಪಾಟಿನ ಗಾಳಿ ಒಣಗಿತ್ತು, ಗಾಳಿಯ ಜೊತೆ ಕಾರ್ಕು ಒಣಗಿ ಕುಗ್ಗಿತ್ತು, ಕುಗ್ಗಿದ ಕಾರ್ಕಿನ ಪಕ್ಕದಿಂದ ಮದ್ಯ ಆವಿಯಾಗಿ ಹೋಗುತ್ತಿತ್ತು. ಗೆರೆಯಷ್ಟು ನೇರವಾಗಿ. ಹಗಲು, ರಾತ್ರಿ, ಯಾರೂ ಕುಡಿಯದೆ. ಮೊದಲ ವರ್ಷದ ವಿದ್ಯಾರ್ಥಿಗೆ ಆ ಅಂಕಿಗಳನ್ನು ಕೊಟ್ಟಿದ್ದರೂ ಮನುಷ್ಯರು ಹೀಗೆ ಕುಡಿಯುವುದಿಲ್ಲ, ಇದು ಆವಿ ಎನ್ನುತ್ತಿದ್ದ. ಅವನು ಮಾತ್ರ ಗೆರೆಯ ಕೊನೆಯಲ್ಲಿ ಅಣ್ಣನನ್ನು ಕೂರಿಸಿದ್ದ.

ಎಲ್ಲವನ್ನೂ ಹೇಳತೊಡಗಿದ. ಚೀಲವನ್ನು ತೆಗೆದು ತೋರಿಸಿದ, ಬಣ್ಣ ಯಾಕೆ ಬದಲಾಗುತ್ತದೆಂದು ಹೇಳಿದ, ಕಾರ್ಕು ಮರದ ತೊಗಟೆ, ಅದರಲ್ಲಿ ಸಣ್ಣ ಸಣ್ಣ ಕೋಶಗಳಿರುತ್ತವೆ ಎಂದ, ಮದ್ಯ ನೀರಿಗಿಂತ ಬೇಗ ಆರುತ್ತದೆ ಎಂದ. ದನಿ ಏರಿತ್ತು, ಕೈಗಳು ಗಾಳಿಯಲ್ಲಿ ಚಿತ್ರ ಬರೆಯುತ್ತಿದ್ದವು. ಅಣ್ಣ ತಲೆಯಾಡಿಸುತ್ತ, ಮಧ್ಯೆ ಬಾಯಿ ಹಾಕದೆ, ತುಂಬ ತಾಳ್ಮೆಯಿಂದ ಕೇಳಿದ. ಆ ತಾಳ್ಮೆಯನ್ನು ಕಂಡು ಅವನ ಮಾತು ತಡವರಿಸಿತು.

"ಚೆನ್ನಾಗಿ ಹೇಳ್ತೀಯ," ಎಂದ ಅಣ್ಣ ಮೆಲ್ಲಗೆ. "ನಾನೂ ಹೀಗೇ ಹೇಳ್ತಿದ್ದೆ. ಲೇಟಾಗಿದ್ದಕ್ಕೆ ಪಂಕ್ಚರ್ ಆಯ್ತು ಅಂತ ಶುರು ಮಾಡಿದ್ರೆ ಮೊಳೆ ಎಷ್ಟುದ್ದ ಇತ್ತು ಅನ್ನೋವರೆಗೂ ಹೇಳ್ತಿದ್ದೆ. ನೀನು ಕೇಳಿಸ್ಕೊಂಡು ನಿಂತಿರ್ತಿದ್ದೆ ಪಾಪ."

"ಅಣ್ಣಾ, ನಾನು ಕುಡಿದಿಲ್ಲ."

"ಆಯ್ತು."

"ನಿಜವಾಗಿ."

"ಆಯ್ತಪ್ಪಾ. ಕೂತ್ಕೋ."

ಫೋನು ಬಂತು. ಜೇಬಿನಲ್ಲಿ ಅದು ಗುಂಯ್‌ಗುಟ್ಟಿತು. "ಇದ್ದದ್ದು ಹೇಳು," ಎಂದ ಅಣ್ಣ, "ನನಗೋಸ್ಕರ ಅಂತ ಒಂದು ಮಾತೂ ಹೆಚ್ಚು ಬೇಡ," ಎಂದು ಎದ್ದು ಕಿಟಕಿಯ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತ, ಹಕ್ಕಿ ಇನ್ನೂ ಕೈಯಲ್ಲೇ.

"ಹೇಳಿ ಸಾರ್," ಎಂದಿತು ಮ್ಯಾನೇಜರರ ದನಿ, ಹಿಂದೆ ಬಸ್ಸುಗಳ ಗದ್ದಲ. "ಸ್ಟೀರಿಂಗ್ ಕೊಡಬಹುದಾ?"

"ಕೊಡಬಹುದು."

"ಖಾತ್ರಿನಾ?"

"ಖಾತ್ರಿ."

"ಹೇಗೆ ಹೇಳ್ತೀರಿ? ತಪ್ಪು ತಿಳ್ಕೋಬೇಡಿ. ಕೇಳಲೇಬೇಕು ನಾನು."

ಹೇಗೆ ಹೇಳುವುದು. ಅವನ ಬಳಿ ಇದ್ದದ್ದು ಒಂದೇ ಸಾಕ್ಷಿ: ಅಣ್ಣ ಅವನನ್ನು ಅನುಮಾನಿಸಿದ್ದ. ತಾನೇ ಕುಡಿದವನು ಇನ್ನೊಬ್ಬ ಕುಡಿದನೆಂದು ಯಾಕೆ ನೊಂದುಕೊಳ್ಳುತ್ತಾನೆ? ಆದರೆ ಅದೂ ಒಂದು ಚಾತುರ್ಯವಾಗಿರಬಹುದಲ್ಲ, ಕೇಳುವ ಮೊದಲೇ ಕೇಳಿಬಿಡುವುದು. ಹಳೆಯ ಅಣ್ಣನ ಕೈಯಲ್ಲಿ ಅಂಥ ಚಾತುರ್ಯಗಳು ಎಷ್ಟೋ ಇದ್ದವು. ಆವಿಯ ಲೆಕ್ಕ ಒಂದು ಚಮಚೆಯನ್ನು ಹೇಳುತ್ತದೆ, ಒಂದು ತೊಟ್ಟನ್ನು ಹೇಳುವುದಿಲ್ಲ. ಕಿಟಕಿಯ ಬೆಳಕಿಗೆ ಅಣ್ಣನ ಕಿವಿಯ ಅಂಚು ಕೆಂಪಗೆ ಕಾಣುತ್ತಿತ್ತು. ಆ ಕಿವಿ ಕೇಳುತ್ತಿತ್ತು.

"ನನಗೆ ಗೊತ್ತು," ಎಂದ.  "ಕುಡಿಯಲ್ಲ ಅವನು."

"ಸರಿ ಸಾರ್, ನಿಮ್ಮ ಮಾತಿನ ಮೇಲೆ. ಸೋಮವಾರ ಬರೋಕೆ ಹೇಳಿ."

ಅಣ್ಣ ಹೆಗಲ ಮೇಲಿದ್ದ ಒರೆಸುವ ಬಟ್ಟೆಯಿಂದಲೇ ಮುಖ ಒರೆಸಿಕೊಂಡ. ಧೂಳು ಕೆನ್ನೆಗೆ ಮೆತ್ತಿತು.  ಹತ್ತಿರ ಬಂದು, ಚಿಕ್ಕಂದಿನಲ್ಲಿ ರಸ್ತೆ ದಾಟಿಸುವಾಗ ಹಿಡಿಯುತ್ತಿದ್ದ ಹಾಗೆ, ಅವನ ಮಣಿಕಟ್ಟು ಹಿಡಿದ. "ನಂದು ಮುಗೀತು. ಈಗ ನಿಂದು."

"ನಂದೇನಿದೆ ಅಣ್ಣಾ?"

"ಬಾ."

ಅಡಿಗೆಮನೆಯ ಸಿಂಕಿನ ಪಕ್ಕ ಅಣ್ಣ ಮಿಂಚುಳ್ಳಿಯನ್ನಿಟ್ಟು ಕಾಗದದ ಪಟ್ಟಿಗೆ ಬೆರಳು ಹಾಕಿದ. ಸರಿಸಲು ಹೋಗಲಿಲ್ಲ, ಸರಿಸಬಹುದೆಂದು ಅಣ್ಣನಿಗೆ ಗೊತ್ತಿರಲಿಲ್ಲ. ನೇರ ಎಳೆದ. ಒಣ ಎಲೆಯಂತೆ ಪಟ್ಟಿ ಹರಿದು ಪುಡಿಯಾಯಿತು. ಅವನ ಗಂಟಲಿನಿಂದ ತಡೆಯಲಾರದೆ ಒಂದು ಸದ್ದು ಬಂತು. ಇಷ್ಟು ವರ್ಷ ಉಳಿದುಬಂದದ್ದು, ಬೇರೆ ಯಾರ ಬಳಿಯೂ ಇಲ್ಲದ್ದು. ಅವನ ಕೈ ತಾನಾಗಿಯೇ ಮುಂದೆ ಹೋಗಿತ್ತು.

"ನೋಡು ನಿನ್ನ ಮುಖ," ಎಂದ ಅಣ್ಣ, ಹಂಗಿಸುವ ದನಿಯಲ್ಲಲ್ಲ. "ನಂಗೆ ಆ ಮುಖ ಗೊತ್ತು ಪುಟ್ಟಾ. ಕನ್ನಡೀಲಿ ನೋಡಿದ್ದೀನಿ."

ನಾನು ಸಂಗ್ರಹಕಾರ ಎನ್ನಬೇಕೆಂದಿದ್ದ. ಆ ಪಟ್ಟಿ ಎಷ್ಟು ಅಪರೂಪದ್ದು ಗೊತ್ತೇ ಎನ್ನಬೇಕೆಂದಿದ್ದ. ಯಾವ ಮಾತು ತೆಗೆದರೂ ಅದು ಮೊಳೆಯ ಉದ್ದವನ್ನು ವಿವರಿಸಿದ ಹಾಗೆಯೇ. ತನ್ನ ಸುತ್ತ ಇದ್ದ ನಿಜಗಳೆಲ್ಲ ಒಂದೊಂದಾಗಿ ಸುಳ್ಳಿನ ದನಿ ಪಡೆದುಕೊಂಡಿದ್ದವು. ಅಣ್ಣ ಎಷ್ಟು ವರ್ಷ ಈ ಜಾಗದಲ್ಲಿ ನಿಂತಿದ್ದನೋ. ಒಮ್ಮೊಮ್ಮೆ ನಿಜವಾಗಿಯೂ ಪಂಕ್ಚರ್ ಆಗಿದ್ದಿರಬೇಕು.

"ಆ ಕಡೆ ತಿರುಗಿ ನಿಂತ್ಕೋ. ಮೊದಲನೇ ಸಲ ಚೆಲ್ಲೋವಾಗ ನೋಡಬಾರದು. ನೋಡಿದ್ರೆ ಕೈ ಹಿಡ್ಕೊಂಡುಬಿಡ್ತೀಯ."

"ನೀನು ಚೆಲ್ಲೋದು ಬೇಡ ಅಣ್ಣಾ. ಕೊಡು, ನಾನೇ."

"ತಿರುಗು."

ತಿರುಗಿದ. ಎದುರಿಗೆ ಫ್ರಿಜ್ಜಿನ ಬಾಗಿಲು. ಹಿಂದೆ ಕಾರ್ಕು ಕಿತ್ತು ಬಂದ ಸದ್ದು, ಒಣ ಸದ್ದು, ಆಮೇಲೆ ವಾಸನೆ. ಬಾರಿನ ವಾಸನೆ, ಅಣ್ಣನ ಹಳೆಯ ಅಂಗಿಗಳ ವಾಸನೆ, ಅಡಿಗೆಮನೆ ಪೂರ್ತಿ. ಇದೇ ವಾಸನೆಗೆ ಮುಖವೊಡ್ಡಿ ಅಣ್ಣ ಅಲ್ಲಿ ನಿಂತಿದ್ದಾನೆ, ಇಷ್ಟು ತಿಂಗಳ ಮೇಲೆ, ಮೊದಲ ಸಲ, ತನ್ನನ್ನು ಉಳಿಸಲು. ಗುಳುಗುಳು ಎಂದು ಸುರಿಯಿತು, ನಿಂತಿತು. ಕತ್ತು ಕಿರಿದು, ಒಳಗೆ ಗಾಳಿ ಹೋಗಬೇಕು, ಆಮೇಲೆ ಮತ್ತೆ ಸುರಿಯುತ್ತದೆ. ಸುರಿಯಿತು. ನಿಂತಿತು. ಸುರಿಯಿತು. ಆಮೇಲೆ ನಿಂತಿತು, ಮತ್ತೆ ಶುರುವಾಗಲಿಲ್ಲ. ಗಾಳಿಗೆ ಬೇಕಾದ ಹೊತ್ತು ಕಳೆಯಿತು. ಅದರ ಮೇಲೂ ಹೊತ್ತು ಕಳೆಯಿತು. ತೂಕ ಅವನಿಗೆ ಗೊತ್ತಿತ್ತು. ಇನ್ನೂ ಅರ್ಧದಷ್ಟು ಒಳಗಿರಬೇಕು. ಅಣ್ಣನ ಉಸಿರಾಟ ಕೇಳುತ್ತಿತ್ತು, ಭಾರವಾಗಿ, ಮೂಗಿನಿಂದ. ಫ್ರಿಜ್ಜಿನ ಬಾಗಿಲ ಹೊಳಪಿನಲ್ಲಿ ಮಸುಕಾಗಿ ಒಂದು ಆಕೃತಿ, ಬಾಗಿದ ಬೆನ್ನು, ಎತ್ತಿದ ಅಥವಾ ಎತ್ತದ ಕೈ. ಅಲ್ಲೇ ಇನ್ನಷ್ಟು ದಿಟ್ಟಿಸಿದ್ದರೆ ತಿಳಿಯುತ್ತಿತ್ತು, ತಲೆ ತಿರುಗಿಸುವುದೂ ಬೇಕಿರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡ.

"ನಾನು ನೋಡ್ತಾ ಇಲ್ಲ, ಅಣ್ಣಾ," ಎಂದ.